ಎಮ್ಮೆಯ ಕಿವಿ, ಚಿನ್ನದ ಅಂಗಿ, ಮೂರನೇ ಸಾಲಿನ ಮುಖ

ಕಾತ್ರಜ: ಆಗಸ್ಟ್ 19 ವಿಶ್ವ ಛಾಯಾಗ್ರಹಣ ದಿನ. ಫ್ರಾನ್ಸಿನ ಲೂಯಿ ದಾಗೇರ್ ಅವರ ಛಾಯಾಚಿತ್ರ ವಿಧಾನವನ್ನು 1839ರಲ್ಲಿ ಅದೇ ದಿನ ಪ್ಯಾರಿಸ್ಸಿನಲ್ಲಿ ಲೋಕಕ್ಕೆ ತಿಳಿಸಲಾಯಿತು. ಪ್ರತಿವರ್ಷ ಆ ದಿನ ಪತ್ರಿಕೆಗಳಲ್ಲಿ ಹಿಮಾಲಯದ ಸೂರ್ಯೋದಯ, ಕಾಡಿನ ಹುಲಿ, ಮಳೆಯಲ್ಲಿ ನೆನೆಯುವ ಮಕ್ಕಳು ಹೀಗೆ ಕಣ್ಮನ ತಣಿಸುವ ಚಿತ್ರಗಳನ್ನು ನೋಡುತ್ತೇವೆ. ಒಳ್ಳೆಯದೇ. ಆದರೆ ಆ ದಿನ ನಮ್ಮ ಕಾತ್ರಜ ಚೌಕದ ಆಸುಪಾಸಿನ ಯಾವುದಾದರೂ ಸಣ್ಣ ಸ್ಟುಡಿಯೋಗೆ ಹೋಗಿ ಮಾಲಕರು ಎಲ್ಲಿದ್ದಾರೆಂದು ವಿಚಾರಿಸಿದರೆ, ಘಾಟಿಯಾಚೆ ಯಾರದೋ ಕೊಟ್ಟಿಗೆಯಲ್ಲಿ ಎಮ್ಮೆಯ ಕಿವಿಯ ಫೋಟೋ ತೆಗೆಯಲು ಹೋಗಿದ್ದಾರೆ ಎಂಬ ಉತ್ತರ ಬಂದರೂ ಬರಬಹುದು!

ಇದು ತಮಾಷೆಯ ಮಾತಲ್ಲ. ಕಾತ್ರಜವೆಂದರೆ ಪುಣೆಯವರಿಗೆ ನೆನಪಾಗುವುದು ಹಾಲಿನ ಡೇರಿ, ಹಾವುಗಳ ಉದ್ಯಾನ, ಪೇಶ್ವೆಯವರ ಕಾಲದ ಕೆರೆ ಮತ್ತು ಸಾತಾರಾ ಕಡೆಗೆ ಏರುವ ಘಾಟಿ. ಘಾಟಿ ದಾಟಿದರೆ ಖೇಡ್ ಶಿವಾಪುರದ ತನಕ ಹಳ್ಳಿಗಳು. ಅಲ್ಲಿ ಇಂದಿಗೂ ದನ ಎಮ್ಮೆ ಸಾಕಿ ಹಾಲು ಹಾಕುವವರಿದ್ದಾರೆ. ಹೈನುಗಾರಿಕೆಗೆ ಸಾಲ ಕೊಡುವ ಬ್ಯಾಂಕು ವಿಮೆ ಕೇಳುತ್ತದೆ. ವಿಮಾ ಕಂಪೆನಿಯವರು ಎಮ್ಮೆಯ ಕಿವಿಗೆ ನಂಬರಿನ ಬಿಲ್ಲೆ ಹಾಕಿಸುತ್ತಾರೆ, ಅನಂತರ ಫೋಟೋ ಕೇಳುತ್ತಾರೆ. ಆ ಫೋಟೋದಲ್ಲಿ ಎಮ್ಮೆ ಕೊಂಬಿನಿಂದ ಬಾಲದವರೆಗೆ ಕಾಣಬೇಕು, ಕಿವಿಯ ಬಿಲ್ಲೆ ಕಾಣಬೇಕು, ಪಕ್ಕದಲ್ಲಿ ಮಾಲಕ ನಿಂತಿರಬೇಕು. ನಾಳೆ ಎಮ್ಮೆ ಸತ್ತರೆ ಬಿಲ್ಲೆ ಇಲ್ಲದವನಿಗೆ ಪರಿಹಾರವಿಲ್ಲ, ಇದು ಜಾನುವಾರು ವಿಮೆಯ ಮೊದಲ ಪಾಠ. ಬ್ಯಾಂಕಿನಲ್ಲಿ ಸಾಲದ ಮೇಜಿನ ಮುಂದೆ ಕುಳಿತು ಇಂತಹ ಎಷ್ಟೋ ಫೋಟೋಗಳಿಗೆ ಪಿನ್ನು ಹೊಡೆದು ಫೈಲಿಗೆ ಸೇರಿಸಿದವನು ನಾನು. ಅವುಗಳನ್ನು ತೆಗೆದವರು ಯಾರು, ಹೇಗೆ ತೆಗೆದರು ಎಂದು ವಿಚಾರಿಸುವ ಪ್ರಸಂಗ ಬಂದದ್ದು ಮಾತ್ರ ಇತ್ತೀಚೆಗೆ.

ವಿಜಯಪುರ ಜಿಲ್ಲೆಯ ಕಡೆಯಿಂದ ಬಂದು ಕಾತ್ರಜದಲ್ಲಿ ನೆಲೆನಿಂತ ನಮ್ಮ ಕನ್ನಡಿಗ ಛಾಯಾಗ್ರಾಹಕರೊಬ್ಬರು ಹೇಳುತ್ತಾರೆ: "ಸಾಹೇಬ್ರ, ಮದಿವಿ ಹೆಣ್ಮಗಳಿಗೆ ಸ್ವಲ್ಪ ಈ ಕಡಿ ತಿರುಗವ್ವಾ ಅಂದ್ರ ತಿರುಗ್ತಾಳ. ಎಮ್ಮಿಗೆ ಏನಂತ ಹೇಳೂದ್ರಿ? ನೊಣ ಓಡಸಾಕ ಒಂದಸವನ ಕಿವಿ ಬಡೀತಿರತೈತಿ. ನಂಬರ್ ಕಾಣಬೇಕಂದ್ರ ಕಿವಿ ನಿಲ್ಲಬೇಕು. ಮಾಲಕ ಕಿವಿ ಹಿಡದ್ರ ಅವನ ಕೈಯಾಗ ನಂಬರ್ ಮುಚ್ಚತೈತಿ." ಕೊನೆಗೆ ಮುಂದೆ ಹಿಂಡಿಯ ಬುಟ್ಟಿ ಇಟ್ಟು, ಎಮ್ಮೆ ಬಾಯಿ ಹಾಕಿದ ಕ್ಷಣವೇ ಗುಂಡಿ ಒತ್ತಬೇಕಂತೆ. ಇದೇ ಎಮ್ಮೆ ಸತ್ತಾಗಲೂ ಇವರಿಗೇ ಕರೆ. ಆಗ ಕಿವಿ ಅಲ್ಲಾಡುವುದಿಲ್ಲ, ಆದರೆ ಪಕ್ಕದಲ್ಲಿ ನಿಂತ ಮನೆಯವರ ಮುಖ ನೋಡಲಾಗುವುದಿಲ್ಲ.

ಮದುವೆಯ ಆಲ್ಬಮ್ ಮಾಡುವವರು ಎಮ್ಮೆಯ ಕಿವಿಗೆ ಇಳಿದರೇ ಎಂದು ಮೂಗು ಮುರಿಯುವವರಿಗೆ ಅಮೆರಿಕದ ಒಂದು ಸಂಗತಿ ಹೇಳಬೇಕು. 1872ರ ಸುಮಾರಿಗೆ ಕ್ಯಾಲಿಫೋರ್ನಿಯದ ಮಾಜಿ ಗವರ್ನರ್, ರೈಲ್ವೆ ಶ್ರೀಮಂತ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ಅವರಿಗೆ ಒಂದು ಹುಚ್ಚು ಹತ್ತಿತು. ಕುದುರೆ ಓಡುವಾಗ ಅದರ ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುತ್ತವೆಯೇ? ಇದನ್ನು ತೀರ್ಮಾನಿಸಲು ಅವರು ಸಂಬಳ ಕೊಟ್ಟು ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕರನ್ನು ನೇಮಿಸಿದರು. ಪ್ರಕೃತಿ ದೃಶ್ಯಗಳಿಗೆ ಹೆಸರಾಗಿದ್ದ ಮನುಷ್ಯ, ಕುದುರೆಯ ಗೊರಸಿನ ಹಿಂದೆ ಬಿದ್ದರು. 1878ರ ಜೂನ್‌ನಲ್ಲಿ ಪಾಲೊ ಆಲ್ಟೋದ ಕುದುರೆ ಫಾರ್ಮಿನಲ್ಲಿ 12 ಕ್ಯಾಮರಾಗಳನ್ನು ಸಾಲಾಗಿ ಇಟ್ಟು, ಓಟದ ದಾರಿಗೆ ಅಡ್ಡಲಾಗಿ ದಾರ ಕಟ್ಟಿ, ಕುದುರೆಯ ಕಾಲಿಗೇ ಫೋಟೋ ತೆಗೆಯುವ ಕೆಲಸ ಒಪ್ಪಿಸಿದರು! ನಾಲ್ಕೂ ಕಾಲು ನೆಲ ಬಿಟ್ಟಿರುವ ಚಿತ್ರ ಸಿಕ್ಕಿತು. ಚಲನಚಿತ್ರ ಹುಟ್ಟುವುದಕ್ಕೆ ಆ ಪ್ರಯೋಗ ಒಂದು ಮೆಟ್ಟಿಲಾಯಿತು. ನಮ್ಮ ಎಮ್ಮೆಯ ಫೋಟೋದಿಂದ ಸಿನಿಮಾ ಹುಟ್ಟಲಿಲ್ಲ ನಿಜ, ಒಂದು ಸಂಸಾರಕ್ಕೆ ಎರಡನೇ ಎಮ್ಮೆ ಬಂದದ್ದು ಮಾತ್ರ ನಾನು ಕಂಡದ್ದು.

ಮೊಳೆಗೆ ನೇತು ಹಾಕಿದ ಕೋಟು

ಸ್ಟುಡಿಯೋದ ಒಳಗಿನ ಕೆಲಸವೂ ಕಡಿಮೆ ಪಜೀತಿಯದ್ದಲ್ಲ. ಹಳೆಯ ಸ್ಟುಡಿಯೋಗಳಲ್ಲಿ ಗೋಡೆಯ ಮೊಳೆಗೆ ಒಂದು ಕಪ್ಪು ಕೋಟು, ಗಂಟು ಬಿಚ್ಚದ ಒಂದು ಟೈ, ಒಂದು ಬಾಚಣಿಗೆ, ಒಂದು ಪೌಡರ್ ಡಬ್ಬಿ ಇರುತ್ತಿತ್ತು. ಊರಿನವರೆಲ್ಲ ಅದೇ ಕೋಟಿನಲ್ಲಿ ಸಾಹೇಬರಾದವರು. ಸಣಕಲು ದೇಹದವನಿಗೆ ಬೆನ್ನ ಹಿಂದೆ ಪಿನ್ನು, ದಪ್ಪ ದೇಹದವನಿಗೆ ಹಿಂದೆ ಕತ್ತರಿಸಿದ ಸೀಳು. ಕೆಳಗೆ ಲುಂಗಿಯೋ ಚಡ್ಡಿಯೋ ಇದ್ದರೆ ಯಾರಿಗೆ ಗೊತ್ತು! ತಾಜಮಹಲಿನ ಪರದೆ, ತಂತಿ ಇಲ್ಲದ ಟೆಲಿಫೋನು, ರಟ್ಟಿನ ಚಂದ್ರ ಇವೆಲ್ಲ ಕೋಟಿನ ಅಣ್ಣತಮ್ಮಂದಿರು.

ಟಿ.ಎನ್. ಶೇಷನ್ ಅವರು ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ ಮತದಾರರಿಗೆ ಭಾವಚಿತ್ರದ ಗುರುತು ಚೀಟಿ ಆರಂಭವಾಯಿತು. ದಿನವಿಡೀ ಸಾಲಾಗಿ ಬಂದು ಕುರ್ಚಿಯಲ್ಲಿ ಕುಳಿತು ಏಳುವವರ ಫೋಟೋ ತೆಗೆದರೆ ಹೇಗಿರಬೇಕೋ ಹಾಗೆಯೇ ಇತ್ತು ಆ ಚೀಟಿಗಳ ಮುಖ. ಈಗ ಆಧಾರ್ ಕಾರ್ಡಿನ ಮುಖ ನೋಡಿ ನಗುವವರು ಅದನ್ನೂ ನೆನಪಿಸಿಕೊಳ್ಳಬೇಕು. 2014ರ ಆಗಸ್ಟ್ 28ರಂದು ಜನಧನ ಯೋಜನೆ ಉದ್ಘಾಟನೆಯಾದಾಗ ದೇಶದಲ್ಲಿ ಒಂದೇ ದಿನ ಸುಮಾರು 1.5 ಕೋಟಿ ಖಾತೆಗಳು ತೆರೆದವು. ಕೌಂಟರಿನ ಈಚೆಗೆ ನಮಗೆ ಉಸಿರಾಡಲು ಬಿಡುವಿರಲಿಲ್ಲ. ಆಗ ಕಾತ್ರಜದ ಕಟ್ಟಡ ಕೆಲಸದ ಸೈಟುಗಳಿಂದ ಕಲಬುರಗಿ, ಯಾದಗಿರಿ ಕಡೆಯ ನಮ್ಮ ಜನ ಪಾಸ್‌ಪೋರ್ಟ್ ಅಳತೆಯ ಫೋಟೋ ಹಿಡಿದು ಬಂದರು. ಅವರಲ್ಲಿ ಕೆಲವರಿಗೆ ಜೀವನದಲ್ಲಿ ತೆಗೆಸಿದ ಮೊದಲ ಫೋಟೋ ಅದೇ. ಸಿಮೆಂಟಿನ ಮುಖ ತೊಳೆಯಲು ಸ್ಟುಡಿಯೋದವರೇ ನೀರು ಕೊಟ್ಟಿದ್ದರು ಎಂದು ಒಬ್ಬ ಹೆಣ್ಣುಮಗಳು ಹೇಳಿದ್ದು ನೆನಪಿದೆ.

ಭಾವೀ ನಗರಸೇವಕರು ಮತ್ತು ಶರ್ಯತ್ತಿನ ಎತ್ತು

ಸಣ್ಣವರ ಫೋಟೋದಲ್ಲಿ ಕಷ್ಟ ಕಡಿಮೆ. ದೊಡ್ಡವರಾಗಬೇಕೆಂದು ಹೊರಟವರ ಫೋಟೋದಲ್ಲಿದೆ ನಿಜವಾದ ಕಷ್ಟ. ಪುಣೆಯಲ್ಲಿ ವಾಸವಿರುವ ಎಲ್ಲರಿಗೂ ಹುಟ್ಟುಹಬ್ಬದ ಫ್ಲೆಕ್ಸ್ ಬೋರ್ಡುಗಳ ಪರಿಚಯ ಉಂಟು. ಮಧ್ಯದಲ್ಲಿ ಕಪ್ಪು ಕನ್ನಡಕದ 'ದಾದಾ' ಅಥವಾ 'ಭಾವು', ಸುತ್ತ ಅಂಚೆಚೀಟಿಯಂತೆ ಶುಭಕೋರುವ ಹತ್ತಿಪ್ಪತ್ತು ಮುಖಗಳು, ಕೆಳಗೆ 'ಭಾವೀ ನಗರಸೇವಕ' ಎಂಬ ಬಿರುದು. 2022ರಲ್ಲಿ ಆಗಬೇಕಿದ್ದ ಮಹಾನಗರ ಪಾಲಿಕೆ ಚುನಾವಣೆ ಮುಂದೆ ಮುಂದೆ ಹೋದಷ್ಟು ಕಾಲವೂ ಈ ಭಾವೀಗಳು ಭಾವೀಗಳಾಗಿಯೇ ಉಳಿದರು, ಫೋಟೋಗಳು ಮಾತ್ರ ಹೊಸಹೊಸತು ಬೇಕಾದವು. ಕ್ಯಾಮರಾದ ಕಡೆಗೆ ನಡೆದು ಬರುವ ಭಂಗಿ, ಯಾರೂ ಇಲ್ಲದ ಕಡೆಗೆ ಕೈಬೀಸುವ ಭಂಗಿ, ಬಂದ್ ಆಗಿರುವ ಮೊಬೈಲನ್ನು ಕಿವಿಗಿಟ್ಟು ಗಂಭೀರವಾಗಿ ಆಲಿಸುವ ಭಂಗಿ. ಹೊಟ್ಟೆ ಒಳಗೆ ಹಾಕಿ ಎಂದು ಛಾಯಾಗ್ರಾಹಕ ಹೇಳುವಂತಿಲ್ಲ. ಹೇಳದಿದ್ದರೆ ಫೋಟೋ ಸರಿ ಬಂದಿಲ್ಲವೆಂದು ಹಣ ಬರುವುದಿಲ್ಲ. ಇದಕ್ಕೆ ಒಬ್ಬರು ಕಂಡುಕೊಂಡ ಉಪಾಯ: "ಭಾವು, ದೀರ್ಘ ಶ್ವಾಸ ಘ್ಯಾ!" ಶ್ವಾಸ ಎಳೆದರೆ ಹೊಟ್ಟೆ ತಾನೇ ಒಳಗೆ ಹೋಗುತ್ತದೆ.

ಇದು ಹೊಸ ಕಾಲದ ರೋಗವೇನೂ ಅಲ್ಲ. ಇಂದೋರಿನಲ್ಲಿ ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದು ಛಾಯಾಗ್ರಹಣಕ್ಕೆ ಬಂದ ಲಾಲಾ ದೀನ್ ದಯಾಳ್ (1844-1905) ಭಾರತದ ಹಿರಿಯ ಛಾಯಾಗ್ರಾಹಕರಲ್ಲಿ ಅಗ್ರಗಣ್ಯರು. ಹೈದರಾಬಾದಿನ ಆರನೇ ನಿಜಾಮ ಮೆಹಬೂಬ್ ಅಲಿ ಖಾನ್ ಅವರ ಆಸ್ಥಾನ ಛಾಯಾಗ್ರಾಹಕರಾಗಿ 'ರಾಜಾ' ಎಂಬ ಬಿರುದನ್ನೂ ಪಡೆದವರು. ದೇವಾಲಯ, ಕೋಟೆಗಳನ್ನು ತೆಗೆದ ಅದೇ ಕ್ಯಾಮರಾ ನಿಜಾಮರ ಶಿಕಾರಿಯ ಹಿಂದೆಯೂ ಹೋಗಬೇಕಿತ್ತು. ಸಾಲಾಗಿ ಮಲಗಿಸಿದ ಸತ್ತ ಹುಲಿಗಳು, ಹಿಂದೆ ಬಂದೂಕು ಹಿಡಿದ ಸಾಹೇಬರು. ಅಂದಿನ ಫ್ಲೆಕ್ಸ್ ಬೋರ್ಡು ಅದುವೇ!

ಈಗ ಹುಲಿಯ ಜಾಗಕ್ಕೆ ಎತ್ತು ಬಂದಿದೆ. ಪುಣೆ ಜಿಲ್ಲೆಯಲ್ಲಿ ಎತ್ತಿನಗಾಡಿ ಶರ್ಯತ್ತು ಎಂದರೆ ಜೀವ ಬಿಡುವವರಿದ್ದಾರೆ. 2014ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿತ್ತು, 2021ರ ಡಿಸೆಂಬರಿನಲ್ಲಿ ಮತ್ತೆ ಅನುಮತಿ ಸಿಕ್ಕಿತು, 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ರಾಜ್ಯದ ಕಾನೂನನ್ನು ಎತ್ತಿ ಹಿಡಿಯಿತು. ಗೆದ್ದ ಎತ್ತಿಗೆ ಗುಲಾಲು, ಹಾರ, ಫ್ಲೆಕ್ಸು. ಎತ್ತಿನ ಹುಟ್ಟುಹಬ್ಬಕ್ಕೂ ಫ್ಲೆಕ್ಸು. ಎತ್ತಿಗಾದರೂ ಒಂದು ಘನತೆಯಿದೆ ಎನ್ನಬಹುದು, ಈಗ ಸೊಸೈಟಿಗಳಲ್ಲಿ ಸಾಕುನಾಯಿಗೆ ಟೋಪಿ ತೊಡಿಸಿ ಕೇಕ್ ಕತ್ತರಿಸುವ ಸಮಾರಂಭಕ್ಕೂ ಛಾಯಾಗ್ರಾಹಕರನ್ನು ಗೊತ್ತುಮಾಡುತ್ತಾರೆ. ನಾಯಿ ಕೇಕಿಗೆ ಬಾಯಿ ಹಾಕುವ ಮೊದಲು ಕುಟುಂಬದ ಹನ್ನೆರಡು ಮಂದಿಯೂ ನಗುತ್ತಿರಬೇಕೆಂಬುದು ಕರಾರು.

ಚಿನ್ನದ ವಿಷಯ ಇನ್ನೂ ಸೂಕ್ಷ್ಮ. ಪಿಂಪ್ರಿ ಚಿಂಚವಾಡದ ಕಡೆಯ ದತ್ತಾ ಫುಗೆ ಮೂರು ಕಿಲೋಗೂ ಮಿಕ್ಕಿದ ಚಿನ್ನದ ಅಂಗಿ ಹೊಲಿಸಿ 2012-13ರಲ್ಲಿ ಲೋಕಪ್ರಸಿದ್ಧರಾದರು, ಅವರ ಫೋಟೋ ದೇಶವಿದೇಶಗಳಲ್ಲಿ ಅಚ್ಚಾಯಿತು. 2016ರ ಜುಲೈನಲ್ಲಿ ಅವರ ಕೊಲೆಯಾಯಿತು. ಚಿನ್ನಕ್ಕೆ ನೇರ ಫ್ಲ್ಯಾಶ್ ಹೊಡೆದರೆ ಬಿಳಿ ಮಚ್ಚೆಯಾಗುತ್ತದೆ, ಫ್ಲ್ಯಾಶ್ ಇಲ್ಲದಿದ್ದರೆ ಹಿತ್ತಾಳೆಯಾಗುತ್ತದೆ. ಹಿತ್ತಾಳೆಯಂತೆ ಕಂಡರೆ ಗಿರಾಕಿಯ ಕೋಪ ಎಷ್ಟಿರುತ್ತದೆಂದು ಬೇರೆ ಹೇಳಬೇಕಿಲ್ಲ.

ಇಷ್ಟರವರೆಗೆ ಬರೀ ನಗುವಿನ ಮಾತು. ನಗು ನಿಲ್ಲುವ ಜಾಗವೂ ಇದೆ. ಮದುವೆಗೆ ಮುಂಚಿನ 'ಪ್ರೀ ವೆಡ್ಡಿಂಗ್' ಚಿತ್ರೀಕರಣ ಈಗ ಸಾಖರಪುಡಾದಷ್ಟೇ ಕಡ್ಡಾಯವಾಗಿಬಿಟ್ಟಿದೆ. ಕಾತ್ರಜದ ಹಳೆ ಘಾಟಿಯ ತಿರುವುಗಳಲ್ಲಿ ಬೆಳಿಗ್ಗೆ ಬೆಳಿಗ್ಗೆ ಉದ್ದನೆಯ ಲಂಗ ಎಳೆದುಕೊಂಡು ರಸ್ತೆ ಮಧ್ಯೆ ನಿಲ್ಲುವ ಜೋಡಿಗಳನ್ನು ನೀವೂ ನೋಡಿರಬಹುದು. ಲಂಗದ ಅಂಚು ಹಾರಿಸಲು ಸಹಾಯಕ ಹುಡುಗ ಹಿಂದೆ ಅಡಗಿ ಕೂರಬೇಕು, ಲಾರಿ ಬಂದರೆ ಕೂಗಲು ಇನ್ನೊಬ್ಬ ಬೇಕು. 2020ರ ನವೆಂಬರಿನಲ್ಲಿ ತಲಕಾಡಿನ ಬಳಿ ಕಾವೇರಿಯಲ್ಲಿ ಇಂತಹದೇ ಚಿತ್ರೀಕರಣದ ವೇಳೆ ತೆಪ್ಪ ಮಗುಚಿ ಮೈಸೂರಿನ ವಧೂವರರಿಬ್ಬರೂ ನೀರುಪಾಲಾದರು. ಅದೇ ತಿಂಗಳು ಅವರ ಮದುವೆ ನಿಶ್ಚಯವಾಗಿತ್ತು. 2024ರ ಫೆಬ್ರವರಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಸರಕಾರಿ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲೇ ಗುತ್ತಿಗೆ ವೈದ್ಯರೊಬ್ಬರು ಭಾವೀ ಪತ್ನಿಯೊಡನೆ ಸುಳ್ಳು ಶಸ್ತ್ರಚಿಕಿತ್ಸೆ ಮಾಡುವಂತೆ ಚಿತ್ರೀಕರಿಸಿಕೊಂಡರು. ಅದರ ದೃಶ್ಯ ಎಲ್ಲೆಡೆ ಹರಿದಾಡಿ ಅವರು ಕೆಲಸ ಕಳೆದುಕೊಂಡರು. ಇಂತಹ ಹೊತ್ತಿನಲ್ಲಿ ಜನ ಮೊದಲು ಕೇಳುವ ಪ್ರಶ್ನೆ, "ಫೋಟೋಗ್ರಾಫರನಿಗಾದರೂ ಬುದ್ಧಿ ಬೇಡವೇ?"

ಬೇಕು. ಇದರಲ್ಲಿ ನನಗೆ ಎರಡು ಅಭಿಪ್ರಾಯವಿಲ್ಲ. ಎಮ್ಮೆಯ ಕಿವಿ, ನಾಯಿಯ ಟೋಪಿ, ದಾದಾನ ಕನ್ನಡಕ ಇವುಗಳಿಂದ ಯಾರ ಜೀವವೂ ಹೋಗುವುದಿಲ್ಲ. ನೀರಿನ ಸುಳಿ ಮತ್ತು ಘಾಟಿಯ ತಿರುವು ಹಾಗಲ್ಲ. ಆದರೆ ಮುಂಗಡ ಕೊಟ್ಟವರ ಮುಂದೆ ಒಲ್ಲೆ ಎನ್ನುವ ಶಕ್ತಿ ಎಲ್ಲರಿಗೂ ಇರುವುದಿಲ್ಲ ಎಂಬುದನ್ನೂ ನೋಡಬೇಕು. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಬಂತು, ಅನಂತರ ಮದುವೆಗೆ 50 ಜನರ ಮಿತಿ ಬಂತು. ಸಾಲದ ಕಂತಿನಲ್ಲಿ ಕ್ಯಾಮರಾ ಕೊಂಡವರ ಪಾಡು ಏನಾಯಿತೆಂದು ನಮ್ಮಂತಹ ಬ್ಯಾಂಕಿನವರಿಗೆ ಚೆನ್ನಾಗಿ ಗೊತ್ತು. ಸ್ಟುಡಿಯೋದ ಬಾಗಿಲಲ್ಲೇ ತರಕಾರಿ ಬುಟ್ಟಿ ಇಟ್ಟವರನ್ನು ನಾನು ಕಂಡಿದ್ದೇನೆ. ಉಡುಪಿ ಕಡೆಯ ಇನ್ನೊಬ್ಬ ಛಾಯಾಗ್ರಾಹಕರ ಮಾತು ಕೇಳಿ: "ಘಾಟಿಯ ತಿರುವಿನಲ್ಲಿ ನಾನು ಈಗ ಶೂಟಿಂಗ್ ಮಾಡುವುದಿಲ್ಲ ಮಾರಾಯ್ರೆ. ಹಾಗೆ ಹೇಳಿದ್ದಕ್ಕೆ ಒಂದು ವರ್ಷದಲ್ಲಿ ಮೂರು ಮದುವೆ ಬೇರೆಯವರ ಪಾಲಾಯಿತು. ಹೋಗಲಿ ಬಿಡಿ."

ನಗಿ ಎನ್ನಲಾಗದ ಗ್ರೂಪ್ ಫೋಟೋ

ಘಾಟಿ ಎಂದಾಗ ಪೊಲೀಸರ ಕೆಲಸ ನೆನಪಾಗುತ್ತದೆ. ಅಪಘಾತವೋ ಅನಾಥ ಶವವೋ ಸಿಕ್ಕಿದರೆ ಪಂಚನಾಮೆಗೆ ಹತ್ತಿರದ ಸ್ಟುಡಿಯೋದವರನ್ನು ಎಬ್ಬಿಸಿ ಕರೆದೊಯ್ಯುವ ರೂಢಿ ಬಹಳ ಕಾಲ ಇತ್ತು. ಈಗ ಹೆಚ್ಚಿನ ಕಡೆ ಮೊಬೈಲಿನಲ್ಲೇ ಕೆಲಸ ನಡೆಯುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಶೋಧ ಮತ್ತು ಜಪ್ತಿಯ ಚಿತ್ರೀಕರಣವನ್ನು ಮೊಬೈಲಿನಲ್ಲಿ ಮಾಡಲಿಕ್ಕೂ ಅವಕಾಶವಿದೆ. ಆ ಕೆಲಸ ತಪ್ಪಿದ್ದಕ್ಕೆ ಅಳುವವರು ಯಾರೂ ಇಲ್ಲ. ಅಮೆರಿಕದಲ್ಲಿ ವೀಜಿ ಎಂಬ ಛಾಯಾಗ್ರಾಹಕ ಪೊಲೀಸ್ ರೇಡಿಯೋವನ್ನು ತನ್ನ ಕಾರಿನಲ್ಲೇ ಇಟ್ಟುಕೊಂಡು ರಾತ್ರಿಯಿಡೀ ನ್ಯೂಯಾರ್ಕಿನ ಕೊಲೆಗಳ ಬೆನ್ನುಹತ್ತಿ ಪ್ರಸಿದ್ಧನಾದ. ಕಾತ್ರಜದಲ್ಲಿ ಹಾಗೆ ರಾತ್ರಿ ಎದ್ದು ಹೋದವರಿಗೆ ಸಿಕ್ಕಿದ್ದು ಪ್ರಸಿದ್ಧಿಯಲ್ಲ, ಎರಡು ದಿನ ಊಟ ಸೇರದ ಬಾಯಿ.

ಆದರೆ ಮನೆಯಲ್ಲಿ ತೀರಿಕೊಂಡವರ ಫೋಟೋ ಬೇರೆಯೇ ವಿಷಯ. ನಮ್ಮ ಉತ್ತರ ಕರ್ನಾಟಕದ ಲಿಂಗಾಯತ ಮನೆತನಗಳಲ್ಲಿ ಮೃತರನ್ನು ಕುಳ್ಳಿರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ಅಲಂಕರಿಸುವ ಪದ್ಧತಿಯಿದೆ. ಸುತ್ತ ಮನೆಯವರು ನಿಂತು ಫೋಟೋ ತೆಗೆಸುವುದುಂಟು. ಹೊರಗಿನವರಿಗೆ ಇದು ವಿಚಿತ್ರವೆನಿಸಬಹುದು. ನಾಲ್ಕುನೂರು ಐದುನೂರು ಕಿಲೋಮೀಟರು ದೂರದ ಊರಿನಿಂದ ಬಂದು ದುಡಿಯುವವರಿಗೆ ಅದು ವಿಚಿತ್ರವಲ್ಲ. ಊರಿನಲ್ಲಿರುವ ತಾಯಿ ರಾತ್ರಿ ಬಸ್ಸು ಹಿಡಿದು ಬರುವಷ್ಟರಲ್ಲಿ ಮಣ್ಣು ಆಗಿಹೋಗಿರುತ್ತದೆ. ಆಕೆಗೆ ಮಗನ ಮುಖ ಸಿಗುವುದು ಆ ಫೋಟೋದಲ್ಲಿ ಮಾತ್ರ. ಈಗ ವಿಡಿಯೋ ಕರೆ ಬಂದಿದೆ ಎನ್ನುತ್ತೀರಿ, ಆದರೆ ಕರೆಯನ್ನು ಗೋಡೆಗೆ ಹಾಕಲಾಗುವುದಿಲ್ಲ.

"ಎಲ್ಲಾರೂ ಈ ಕಡಿ ನೋಡ್ರಿ ಅಂತ ಹೇಳಾಕ ಬಾಯಿ ಬರೂದಿಲ್ರಿ" ಎಂದರು ಎಮ್ಮೆಯ ಕಥೆ ಹೇಳಿದ ಅದೇ ಛಾಯಾಗ್ರಾಹಕರು. "ಕೈ ಮಾಡಿ ತೋರಸ್ತೀನಿ. ಸಣ್ಣ ಹುಡುಗ್ರು ಮಾತ್ರ ಕ್ಯಾಮರಾ ಕಂಡಕೂಡ್ಲೆ ನಗ್ತಾವ, ಅವಕ್ಕ ಏನ್ ಗೊತ್ತ." ಹಣ ಎಷ್ಟು ಎಂದು ಮನೆಯವರು ಕೇಳುವ ಸ್ಥಿತಿಯಲ್ಲಿರುವುದಿಲ್ಲ, ಇವರು ಹೇಳುವ ಸ್ಥಿತಿಯಲ್ಲಿರುವುದಿಲ್ಲ. ಅಂತಹ ಫೋಟೋಗಳ ಲೆಕ್ಕ ಅವರ ವಹಿಯಲ್ಲಿ ಬಾಕಿಯಾಗಿಯೂ ಇಲ್ಲ, ಜಮೆಯಾಗಿಯೂ ಇಲ್ಲ. ಬಿಕಾಂ ಕಲಿತ ನನಗೆ ಅಂತಹ ವಹಿ ಹೊಸದು.

ಸಂಘದ ವೇದಿಕೆಯ ಮೇಲೆ

ಇನ್ನು ನಮ್ಮ ಸಂಘ ಸಂಸ್ಥೆಗಳ ಕಡೆಗೆ ಬರೋಣ. ಪದಾಧಿಕಾರಿಗಳು ಬೇಸರಿಸಬಾರದು, ನಾನೂ ಆ ಸಾಲಿನಲ್ಲಿ ನಿಂತವನೇ. ಒಂದು ಮೇಣದ ಬತ್ತಿಯನ್ನು ಏಳು ಮಂದಿ ಹಿಡಿದು ದೀಪ ಬೆಳಗಿಸುತ್ತೇವೆ. ಒಬ್ಬರ ಕೈ ಕಾಣಲಿಲ್ಲವೆಂದು ಉರಿಯುತ್ತಿರುವ ದೀಪವನ್ನೇ ಇನ್ನೊಮ್ಮೆ ಬೆಳಗಿಸುತ್ತೇವೆ. ಶಾಲು ಹೊದೆಸಿದವರು ಫ್ಲ್ಯಾಶ್ ಬೀಳುವ ತನಕ ಶಾಲಿನ ಅಂಚು ಬಿಡುವುದಿಲ್ಲ, ಹೊದೆದವರಿಗೆ ಕುತ್ತಿಗೆ ಬಿಗಿದರೂ ಸರಿ. ಕಾರ್ಯಕ್ರಮ ಮುಗಿದು ಕುರ್ಚಿ ಜೋಡಿಸುವ ಹೊತ್ತಿಗೆ ದಾನಿಗಳೊಬ್ಬರು ಬರುತ್ತಾರೆ. ಕೂಡಲೇ ವೇದಿಕೆಯ ದೀಪ ಹಾಕಿಸಿ, ಈಗಷ್ಟೇ ಸನ್ಮಾನಗೊಂಡವರ ಶಾಲು, ಸ್ಮರಣಿಕೆಯನ್ನು ಎರವಲು ಪಡೆದು ಸನ್ಮಾನ! ಕಾರ್ಯಕಾರಿ ಸಮಿತಿಯ ಗ್ರೂಪ್ ಫೋಟೋ, ಮಹಿಳಾ ವಿಭಾಗದ್ದು, ಯುವ ವಿಭಾಗದ್ದು, ಕೊನೆಗೆ ಎಲ್ಲರೂ ಸೇರಿದ್ದು. ಮರುವಾರ ಪತ್ರಿಕೆಯ ಈ ಪುಟದಲ್ಲಿ ಅದು ಬಂದಾಗ ಅಂಚಿನಲ್ಲಿದ್ದವರ ಅರ್ಧ ಕಿವಿ ಕತ್ತರಿಸಿ ಹೋಗಿದ್ದರೆ ಬೈಗುಳ ಸಂಪಾದಕರಿಗಲ್ಲ, ಛಾಯಾಗ್ರಾಹಕನಿಗೆ.

ಫಿಲ್ಮಿನ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರ. ಭಾಷಣಕಾರರೆಷ್ಟು, ಸನ್ಮಾನಿತರೆಷ್ಟು! ರೋಲು ಮುಗಿದರೂ ಬರೀ ಫ್ಲ್ಯಾಶ್ ಹೊಡೆಯುತ್ತಾ ಇದ್ದೆವು ಎಂದು ಉಡುಪಿ ಕಡೆಯವರು ಈಗ ಒಪ್ಪಿಕೊಳ್ಳುತ್ತಾರೆ. ವೇದಿಕೆಯ ಮೇಲಿನವರು ಮಿಂಚಿಗೆ ಸಂತೋಷಪಟ್ಟು ಇಳಿಯುತ್ತಿದ್ದರು. ಊಟದ ಪಂಕ್ತಿಯ ಫೋಟೋ ತೆಗೆದು ಮುಗಿಸಿ ಅವರು ಎಲೆಯ ಮುಂದೆ ಕೂರುವಾಗ ಪಾಯಸ ಇರುತ್ತಿರಲಿಲ್ಲ. ಡಿಜಿಟಲ್ ಬಂದ ಮೇಲೆ ರೋಲಿನ ಚಿಂತೆ ಹೋಯಿತು, ಪಾಯಸದ ವಿಷಯದಲ್ಲಿ ಹೆಚ್ಚೇನೂ ಬದಲಾಗಿಲ್ಲ.

ಇಷ್ಟು ಹಾಸ್ಯಾಸ್ಪದವಾದ ಈ ಗ್ರೂಪ್ ಫೋಟೋ ಯಾವ ಉಪಯೋಗಕ್ಕೆ ಬರುತ್ತದೆ? ಇದನ್ನು ನಾನು ಕೇಳಿದಾಗ ಅವರು ಕಂಪ್ಯೂಟರ್ ತೆರೆದು ಒಂದು ಕಡತ ತೋರಿಸಿದರು. ಅದರಲ್ಲಿ ಇದ್ದದ್ದು ಬರೀ ಮುಖಗಳು. ನಮ್ಮ ಪುಟದಲ್ಲಿ ಬರುವ ಶ್ರದ್ಧಾಂಜಲಿ, ಉತ್ತರಕ್ರಿಯೆಯ ಜಾಹೀರಾತುಗಳ ಫೋಟೋಗಳನ್ನು ನೀವು ಗಮನಿಸಿ. ಹಲವರ ಹೆಗಲ ಹತ್ತಿರ ಇನ್ನೊಬ್ಬರ ತೋಳಿನ ತುಂಡು ಇರುತ್ತದೆ, ಕುತ್ತಿಗೆಯಲ್ಲಿ ಬ್ಯಾಡ್ಜಿನ ರಿಬ್ಬನ್ ಇರುತ್ತದೆ. ಹೊಟೇಲಿನ ಗಲ್ಲಾದಲ್ಲಿ, ಕ್ಯಾಂಟೀನಿನಲ್ಲಿ, ಕಾರಖಾನೆಯಲ್ಲಿ ನಲುವತ್ತು ವರ್ಷ ದುಡಿದವರು ತಮ್ಮದೆಂದು ಒಂದು ಫೋಟೋ ತೆಗೆಸಿಕೊಂಡವರಲ್ಲ. ಮನೆಯವರು ಹುಡುಕಿದಾಗ ಸಿಗುವುದು ಸಂಘದ ವಾರ್ಷಿಕೋತ್ಸವದ ಗುಂಪಿನಲ್ಲಿ, ಮೂರನೇ ಸಾಲಿನಲ್ಲಿ, ಎರಡು ತಲೆಗಳ ನಡುವೆ ಇಣುಕುವ ಮುಖ. ಛಾಯಾಗ್ರಾಹಕ ಅದನ್ನು ಕತ್ತರಿಸಿ ತೆಗೆದು, ಪಕ್ಕದವರ ಕಿವಿ ಅಳಿಸಿ, ಹಿಂದೆ ನೀಲಿ ಬಣ್ಣ ತುಂಬಿ, ಹದಿಮೂರನೇ ದಿನಕ್ಕೆ ಚೌಕಟ್ಟು ಹಾಕಿ ಕೊಡುತ್ತಾನೆ. ಅದೂ ಇಲ್ಲದವರಿಗೆ ಪಾಸ್‌ಬುಕ್ಕಿನ ಫೋಟೋ. ಶಾಖೆಯ ಮೊಹರು ಗಲ್ಲದ ಮೇಲೆ ಬಿದ್ದಿರುತ್ತದೆ, ಅದನ್ನು ಅಳಿಸಲು ಅರ್ಧ ದಿನ ಬೇಕಾಯಿತೆಂದು ಅವರು ನನ್ನ ಮುಖ ನೋಡಿ ಹೇಳಿದರು.

ಇತ್ತೀಚೆಗೆ ಬರುವ ಇನ್ನೊಂದು ಬೇಡಿಕೆ, ತೀರಿಕೊಂಡ ತಂದೆಯನ್ನು ಮಗಳ ಮದುವೆಯ ಫೋಟೋದಲ್ಲಿ ನಿಲ್ಲಿಸಿಕೊಡಿ ಎಂಬುದು. ಹೊಸ ಕಂಪ್ಯೂಟರ್ ವಿದ್ಯೆಯಲ್ಲಿ ಅದು ನಿಮಿಷದ ಕೆಲಸ ಎನ್ನುತ್ತಾರೆ. ಆದರೆ ತಂದೆಗೆ ಯಾವ ಬಣ್ಣದ ಅಂಗಿ ಹಾಕಬೇಕು, ನಗಬೇಕೋ ಬೇಡವೋ, ಈಗಿನ ವಯಸ್ಸೋ ಆಗಿನ ವಯಸ್ಸೋ ಎಂದು ತೀರ್ಮಾನಿಸಲು ತಾಯಿ ಮಗಳಿಗೆ ಎರಡು ಸಂಜೆ ಬೇಕಾಯಿತಂತೆ. ಹುಚ್ಚಾಟ ಎನ್ನುವವರು ಎನ್ನಲಿ, ನಾನಂತೂ ಆ ಮಾತು ಆಡಲಾರೆ.

ಹೆಸರಿನ ಪ್ರಶ್ನೆ

ಕುದುರೆಯ ಫೋಟೋ ತೆಗೆದ ಮೈಬ್ರಿಜ್ ಅವರ ಕಥೆಯ ಉತ್ತರಾರ್ಧ ಹೇಳುವುದು ಬಾಕಿಯಿದೆ. 1882ರಲ್ಲಿ ಸ್ಟ್ಯಾನ್‌ಫರ್ಡ್ ಅವರು ಆ ಪ್ರಯೋಗದ ಬಗ್ಗೆ ತಮ್ಮ ವೈದ್ಯ ಮಿತ್ರರಿಂದ ಪುಸ್ತಕ ಬರೆಯಿಸಿದರು. ಅದರ ಮುಖಪುಟದಲ್ಲಿ ಛಾಯಾಗ್ರಾಹಕನ ಹೆಸರಿಗೆ ಜಾಗವಿರಲಿಲ್ಲ. ಮೈಬ್ರಿಜ್ ನ್ಯಾಯಾಲಯಕ್ಕೆ ಹೋದರು, ಪ್ರಯೋಜನವಾಗಲಿಲ್ಲ. ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರಾವಾಲಾ (1913-2012) ಮುಂಬಯಿಯಲ್ಲಿ ತೆಗೆದ ಆರಂಭದ ಚಿತ್ರಗಳು ಅಚ್ಚಾದದ್ದು ಅವರ ಪತಿಯ ಹೆಸರಿನಲ್ಲಿ. 2011ರಲ್ಲಿ ಪದ್ಮವಿಭೂಷಣ ಬರುವಾಗ ಅವರಿಗೆ 97 ವರ್ಷ. ಮೈಸೂರಿನ ಟಿ.ಎಸ್. ಸತ್ಯನ್ (1923-2009) ಅವರ ಹೆಸರು ಕನ್ನಡಿಗರೆಲ್ಲರಿಗೂ ಗೊತ್ತು, 1977ರಲ್ಲಿ ಪದ್ಮಶ್ರೀ ಬಂದವರು, 'ಕಾಲಕ್ಕೆ ಕನ್ನಡಿ' ಎಂದು ತಮ್ಮ ನೆನಪುಗಳನ್ನೂ ಬರೆದವರು. ಅಂತಹವರು ಎಷ್ಟು ಮಂದಿ?

ಕಾನೂನು ಏನು ಹೇಳುತ್ತದೆಂದು ನೋಡಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹಣ ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದ್ದು. ಆದರೆ ಫೋಟೋದ ಕರ್ತೃ ತೆಗೆದವನೇ; ಇದು ನಾನು ಮಾಡಿದ್ದು ಎಂದು ಹೇಳಿಕೊಳ್ಳುವ ಅವನ ಹಕ್ಕು 57ನೇ ಕಲಮಿನ ಪ್ರಕಾರ ಉಳಿದೇ ಇರುತ್ತದೆ. ಹಾಗಾಗಿ ವರದಿಯ ಜತೆ ಫೋಟೋ ಕಳುಹಿಸುವ ಕಾರ್ಯದರ್ಶಿಗಳು ಎಡದಿಂದ ಬಲಕ್ಕೆ ಹದಿನೆಂಟು ಹೆಸರು ಬರೆದ ಮೇಲೆ ಹತ್ತೊಂಬತ್ತನೆಯದಾಗಿ ತೆಗೆದವರ ಹೆಸರನ್ನೂ ಬರೆದರೆ ಯಾರಿಗೂ ನಷ್ಟವಿಲ್ಲ. ಬಿಲ್ಲನ್ನು ಅದೇ ಸಂಜೆ ತೀರಿಸಿದರೆ ಇನ್ನೂ ಒಳ್ಳೆಯದು.

ಇಷ್ಟು ಬರೆದು ಈ ಇಬ್ಬರು ಛಾಯಾಗ್ರಾಹಕರ ಹೆಸರನ್ನು ಏಕೆ ಕೊಟ್ಟಿಲ್ಲ ಎಂದು ಓದುಗರು ಕೇಳಬಹುದು. ಅವರೇ ಬೇಡವೆಂದರು. ದೀರ್ಘ ಶ್ವಾಸದ ದಾದಾ ಅವರ ಗಲ್ಲಿಯವರೇ, ನಾಯಿಯ ಮನೆಯವರು ಪ್ರತಿವರ್ಷ ಕರೆಯುವವರು. ಗಣೇಶೋತ್ಸವದ ಮಂಡಳಗಳ ಕೆಲಸ ಈಗಷ್ಟೇ ಮಾತಾಗುತ್ತಿದೆ, ಈ ಹೊತ್ತಿನಲ್ಲಿ ಯಾರನ್ನೂ ಎದುರು ಹಾಕಿಕೊಳ್ಳುವಂತಿಲ್ಲ. ಕಳೆದ ವರ್ಷದ ಒಂದು ವಾರ್ಷಿಕೋತ್ಸವದ ಹಣ ಮಾತ್ರ ಇನ್ನೂ ಬರಬೇಕಿದೆಯಂತೆ. ಸಂಘದ ಹೆಸರು ಕೇಳಿದೆ, ಅವರು ಹೇಳಲಿಲ್ಲ. ದೀಪಾವಳಿಯೊಳಗೆ ಕೊಡುತ್ತೇವೆಂದು ಕೋಶಾಧಿಕಾರಿಗಳು ಹೇಳಿದ್ದಾರಂತೆ.